ಮೂರು ಸಲ ಗ್ಯಾಸ್ ತುಂಬಿಸಿದ ಮೇಲೆ ಸಿಕ್ಕಿದ ತೂತು

ಕಾರು ತಂದದ್ದು 2020ರ ದಸರಾಕ್ಕೆ. ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಈಗ 64,000 ಕಿ.ಮೀ. ದಾಟಿದೆ. ಮನೆ ಕಾಪುವಿನಲ್ಲಿ, ಲೈಟ್‌ಹೌಸ್‌ಗೆ ನಡೆದೇ ಹೋಗಬಹುದು. ಕೆಲಸ ಮಣಿಪಾಲದಲ್ಲಿ. ಕಟಪಾಡಿ, ಉದ್ಯಾವರ, ಅಂಬಲಪಾಡಿ, ಕಲ್ಸಂಕ ಅಂತ ದಿನಾ ಅದೇ ದಾರಿ. ಇಂಜಿನ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಟಯರ್ ಒಮ್ಮೆ, ಬ್ಯಾಟರಿ ಒಮ್ಮೆ ಬದಲಾಯಿಸಿದ್ದೇನೆ. ಆಗುಂಬೆ ಘಾಟಿಯನ್ನು ನಾಲ್ಕು ಜನ ಮತ್ತು ಒಂದು ಚೀಲ ಹಲಸಿನಕಾಯಿ ಸಮೇತ ಹತ್ತಿದೆ. ಕಾರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಾನು ಬರೆಯಬೇಕು ಅಂದುಕೊಂಡದ್ದು ಎಸಿಯ ಬಗ್ಗೆ, ಮತ್ತು 11,800 ರೂಪಾಯಿ ಕೊಟ್ಟು ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿಯ ಬಗ್ಗೆ.

ಎಸಿ ಅಂದರೆ ಶೋಕಿ ಅನ್ನುವವರು ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಹೈವೇಗೆ ಬರಬೇಕು. ಮಳೆ ಬರುವಾಗ ಗ್ಲಾಸ್ ಇಳಿಸುವ ಹಾಗಿಲ್ಲ, ಏರಿಸಿದರೆ ಒಳಗೆಲ್ಲ ಹಬೆ. ಎಸಿ ಹಾಕಿದರೆ ಗಾಳಿಯ ತೇವ ಹೋಗಿ ಗ್ಲಾಸ್ ಎರಡೇ ನಿಮಿಷದಲ್ಲಿ ತಿಳಿಯಾಗುತ್ತದೆ. ಎಸಿ ಇಲ್ಲದಿದ್ದರೆ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬೈರಾಸು. 2025ರ ಜೂನ್‌ನಲ್ಲಿ ನಾನು ಹಾಗೇ ಗ್ಲಾಸ್ ಒರೆಸುತ್ತಾ ಉದ್ಯಾವರ ಸೇತುವೆ ದಾಟಿದ್ದೇನೆ. ಎದುರಿನ ಬಸ್ಸು ಬರೀ ಎರಡು ಹಳದಿ ಚುಕ್ಕೆಯಾಗಿ ಕಾಣುತ್ತಿತ್ತು.

ಶುರುವಾದದ್ದು ಅದಕ್ಕಿಂತ ಬಹಳ ಮೊದಲು, 2024ರ ಮಾರ್ಚ್‌ನಲ್ಲಿ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಶೆಕೆ. ಸರ್ವಿಸ್ ಸೆಂಟರ್‌ನವರು ಗ್ಯಾಸ್ ಕಡಿಮೆ ಇದೆ ಅಂದರು, ತುಂಬಿಸಿದರು, 1,900 ರೂಪಾಯಿ ತೆಗೆದುಕೊಂಡರು. ವಾರಂಟಿ ಇದೆಯಲ್ಲ ಅಂದರೆ, ಗ್ಯಾಸ್ ವಾರಂಟಿಯಲ್ಲಿ ಬರುವುದಿಲ್ಲ ಸರ್ ಅಂದರು. ಅದು ಸರಿಯೇ, ಪುಸ್ತಕದಲ್ಲೂ ಹಾಗೇ ಇದೆ. ಡಿಸೆಂಬರ್‌ನಲ್ಲಿ ಮತ್ತೆ ಅದೇ ಕಥೆ. "ಕಡಲ ಬದಿ ಅಲ್ವಾ ಸರ್, ಗ್ಯಾಸ್ ಬೇಗ ಖರ್ಚಾಗುತ್ತದೆ" ಅಂದರು. ನಾನು ತಲೆಯಾಡಿಸಿ ಬಂದೆ. ಈಗ ನೆನೆಸಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಗ್ಯಾಸ್ ಅಂದರೆ ಪೆಟ್ರೋಲ್ ಅಲ್ಲ, ಉರಿದು ಖರ್ಚಾಗುವುದಕ್ಕೆ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತು ಹೊಡೆಯುತ್ತಿರುತ್ತದೆ. ರಬ್ಬರ್ ಹೋಸ್, ಸೀಲ್‌ಗಳಿಂದ ವರ್ಷಗಟ್ಟಲೆ ಸೋರಿ ಸ್ವಲ್ಪ ಕಡಿಮೆಯಾಗುವುದುಂಟು. ಆದರೆ ಆರು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಅರ್ಧಕ್ಕಿಂತ ಜಾಸ್ತಿ ಅಂತ ನನಗೆ ಗೊತ್ತಾದದ್ದು ಮೂರನೇ ಸಲ, ಬೈರಾಸಿನ ಕಥೆಯ ಮರುದಿನ. ಗ್ಯಾಸ್ ತುಂಬುವ ಮೆಷಿನ್ ಮೊದಲು ಒಳಗೆ ಉಳಿದ ಗ್ಯಾಸನ್ನು ಎಳೆದು ತೂಗುತ್ತದೆ. ಪರದೆಯಲ್ಲಿ 170 ಗ್ರಾಂ ಅಂತ ಬಂತು. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ನನ್ನ ಕಾರಿಗೆ 400 ಗ್ರಾಂ ಅಂತಿದೆ. ನಾನು ಸುಮ್ನೆ ಹುಡುಗನ ಪಕ್ಕ ನಿಂತಿದ್ದೆ, ಅದಕ್ಕೇ ಕಣ್ಣಿಗೆ ಬಿತ್ತು. ಗಾಜಿನ ಗೋಡೆಯ ಆಚೆ ಕಾಫಿ ಕುಡಿಯುತ್ತಾ ಕೂತಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪರದೆಯ ಫೋಟೋ ತೆಗೆದುಕೊಂಡೆ. ಸೆಂಟರ್‌ನಲ್ಲಿ ನಮ್ಮ ದೂರು ಕೇಳಿಕೊಳ್ಳುವ ಅಡ್ವೈಸರ್‌ಗೆ ತೋರಿಸಿದರೆ "ನೋಡುವ ಸರ್, ಇನ್ನೊಮ್ಮೆ ಕಡಿಮೆಯಾದರೆ ಚೆಕ್ ಮಾಡುವ" ಅಂದರು. ಮೂರನೆಯ 1,900.

ತೂತು ಎಲ್ಲಿ ಅಂತ ಮೊದಲು ಹೇಳಿದ್ದು ಹೆದ್ದಾರಿ ಬದಿಯ ಒಬ್ಬ ಹಳೆ ಎಸಿ ಮೆಕ್ಯಾನಿಕ್. ಅವರು ಮೊದಲು ಕೇಳಿದ್ದು, "ವಾರಂಟಿ ಉಂಟಾ?" ಉಂಟು ಅಂದೆ. "ಹಾಗಾದ್ರೆ ನಾನು ಸ್ಕ್ರೂ ಸಹ ಮುಟ್ಟುವುದಿಲ್ಲ ಮಾರಾಯ್ರೆ. ನಾಳೆ ಅವರು ಹೊರಗೆ ಕೈ ಹಾಕಿಸಿದ್ದೀರಿ ಅಂತಾರೆ." ಆಮೇಲೆ ಪೆನ್ನಿನ ಹಾಗಿರುವ ಗ್ಯಾಸ್ ಡಿಟೆಕ್ಟರ್ ತಂದು, ಡ್ಯಾಶ್‌ಬೋರ್ಡ್‌ನ ಗಾಳಿ ಬರುವ ಕಿಂಡಿಗೆ ಹಿಡಿದರು. ಬೀಪ್ ಬೀಪ್ ಅಂತ ಹೊಡೆದುಕೊಂಡಿತು. ಕೂಲಿಂಗ್ ಕಾಯಿಲ್ ಹೋಗಿದೆ, ಸೆಂಟರ್‌ನಲ್ಲಿ ಡೈ, ಅಂದರೆ ಯುವಿ ಬೆಳಕಿಗೆ ಹೊಳೆಯುವ ಬಣ್ಣ, ಹಾಕಿ ಟೆಸ್ಟ್ ಮಾಡಿಸಿ ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ತೆಳು ಅಲ್ಯೂಮಿನಿಯಂ. ಎಸಿ ಹಾಕಿದಾಗ ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ. ಕಾರಿನ ಕೆಳಗೆ ತೊಟ್ಟಿಕ್ಕುತ್ತದಲ್ಲ, ಅದೇ ನೀರು. ನಮ್ಮ ಕಡೆ ಹನ್ನೆರಡು ತಿಂಗಳೂ ಎಸಿ ಓಡುತ್ತದೆ, ಕಾಯಿಲ್ ಒಣಗುವುದೇ ಇಲ್ಲ. ಒದ್ದೆಗೆ ಧೂಳು ಅಂಟುತ್ತದೆ, ಕಸ ಕೊಳೆಯುತ್ತದೆ, ಲೋಹ ನಿಧಾನಕ್ಕೆ ಸವೆದು ಸೂಜಿಮೊನೆಯಷ್ಟು ತೂತಾಗುತ್ತದೆ. ಕಡಲ ಗಾಳಿಗೂ ಇದರಲ್ಲಿ ಪಾಲಿರಬಹುದು. ಇರಲಿ, ಕಾಪುವಿನಲ್ಲಿ ಮಾರುವ ಕಾರು ಕಾಪುವಿನ ಗಾಳಿ ತಡೆಯಬೇಕಲ್ಲ.

ವಾರಂಟಿ ಮುಗಿಯುವುದು 2025ರ ಅಕ್ಟೋಬರ್ 25ಕ್ಕೆ. ಸೆಪ್ಟೆಂಬರ್ ಕೊನೆಗೆ ಮತ್ತೆ ತಂಪು ಕಡಿಮೆಯಾಯಿತು. ಆ ದಿನ ಕಾರು ಬಿಡಲು ಹೋದದ್ದು ನನ್ನ ಹೆಂಡತಿ. ಅಡ್ವೈಸರ್ ಜಾಬ್ ಕಾರ್ಡ್‌ನಲ್ಲಿ, ಅಂದರೆ ಕಾರಿನ ದೂರು ಬರೆದುಕೊಳ್ಳುವ ಕಾಗದದಲ್ಲಿ, ಎಂದಿನಂತೆ "ಎಸಿ ಜನರಲ್ ಚೆಕಪ್" ಅಂತ ಹಾಕಿದರಂತೆ. ಇವಳು ಒಪ್ಪಲಿಲ್ಲ. "18 ತಿಂಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದೆ, ಮತ್ತೆ ಖಾಲಿ, ಕೂಲಿಂಗ್ ಕಾಯಿಲ್ ಲೀಕ್ ಸಂಶಯ" ಅಂತ ಅವರಿಂದಲೇ ಟೈಪ್ ಮಾಡಿಸಿ, ಪ್ರಿಂಟ್ ಕೈಗೆ ಬಂದ ಮೇಲೆ ಸಹಿ ಹಾಕಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕಾಗದ ಓದದೆ ಸಹಿ ಹಾಕುವ ಜನ ಅಲ್ಲ. ನನ್ನ ಹಿಂದಿನ ಮೂರೂ ಜಾಬ್ ಕಾರ್ಡ್‌ಗಳಲ್ಲಿ "ಚೆಕಪ್" ಅಂತ ಮಾತ್ರ ಇತ್ತು.

ಗ್ಯಾಸ್ ಜೊತೆ ಡೈ ಹಾಕಿದರು, ಎರಡು ವಾರ ಓಡಿಸಿ ಬನ್ನಿ ಅಂದರು. ಎರಡು ವಾರಕ್ಕೆ ಫೋನ್ ಮಾಡಿದರೆ ದೀಪಾವಳಿ ರಶ್, ಹಬ್ಬ ಮುಗಿಯಲಿ ಅಂದರು. ಕೊನೆಗೆ ಸಿಕ್ಕಿದ ದಿನ ಅಕ್ಟೋಬರ್ 28. ಕಾರಿನ ಕೆಳಗೆ ತೊಟ್ಟಿಕ್ಕುವ ನೀರನ್ನು ಹುಡುಗ ಒಂದು ಲೋಟದಲ್ಲಿ ಹಿಡಿದು ಯುವಿ ಟಾರ್ಚ್ ಬಿಟ್ಟ. ನೀರು ಹಸಿರಾಗಿ ಹೊಳೆಯಿತು, ಅಂದರೆ ಡೈ ಕಾಯಿಲ್‌ನಿಂದಲೇ ಸೋರುತ್ತಿದೆ. ಅಷ್ಟು ಚಂದದ ಹಸಿರು ನೋಡಿ ಅಷ್ಟು ಬೇಜಾರಾದದ್ದು ನನಗೆ ಅದೇ ಮೊದಲು.

ಅಡ್ವೈಸರ್ ಕಂಪ್ಯೂಟರ್ ನೋಡಿ "ವಾರಂಟಿ ಮೂರು ದಿನದ ಹಿಂದೆ ಮುಗಿದಿದೆ ಸರ್" ಅಂದರು. ಎಸ್ಟಿಮೇಟ್ 14,600 ರೂಪಾಯಿ. ಅದರಲ್ಲಿ ಕಾಯಿಲ್‌ನ ಬೆಲೆ ಸುಮಾರು ಅರ್ಧ, ಉಳಿದದ್ದು ಹೆಚ್ಚು ಕಡಿಮೆ ಲೇಬರ್.

ನಾನು ಕೂಗಾಡುವ ಜನ ಅಲ್ಲ, ಕೂಗಾಡಿದರೂ ಧ್ವನಿ ನಡುಗುತ್ತದೆ. ಮನೆಗೆ ಬಂದು ವಾರಂಟಿ ಪುಸ್ತಕ ತೆರೆದೆ. ದೋಷವನ್ನು ಅವಧಿಯೊಳಗೆ ತಿಳಿಸಿರಬೇಕು ಅಂತ ಇತ್ತು. ಅವಧಿಯೊಳಗೇ ರಿಪೇರಿ ಮುಗಿದಿರಬೇಕು ಅಂತ ಎಲ್ಲೂ ಇರಲಿಲ್ಲ. ಸೆಪ್ಟೆಂಬರ್‌ನ ಜಾಬ್ ಕಾರ್ಡ್, ಮೂರು ಬಿಲ್, 170 ಗ್ರಾಂನ ಫೋಟೋ, ಹಸಿರು ನೀರಿನ ವೀಡಿಯೊ ಎಲ್ಲ ಸೇರಿಸಿ ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದೆ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಆ ನಂಬರ್ ಹಾಕಿ ಇನ್ನೊಂದು ಮೇಲ್. ಕೊನೆಯಲ್ಲಿ ಒಂದು ಸಾಲು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಉಡುಪಿ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದಕ್ಕೆ ಎರಡು ವರ್ಷ ಸಮಯ ಇದೆ. ಮರುದಿನ ಸೆಂಟರ್‌ನ ಮ್ಯಾನೇಜರ್ ಅವರೇ ಫೋನ್ ಮಾಡಿದರು. ತುಂಬ ಮರ್ಯಾದೆಯಿಂದ ಮಾತಾಡಿದರು. ಅಪ್ರೂವಲ್ ಬಂದಿದೆ, ಪಾರ್ಟ್ ಮತ್ತು ಲೇಬರ್ ಫ್ರೀ ಅಂದರು.

ಪಾರ್ಟ್ ಬರಲು 19 ದಿನ ಹಿಡಿಯಿತು. ಅಷ್ಟು ದಿನ ಗ್ಲಾಸ್ ಇಳಿಸಿಕೊಂಡು ಓಡಾಡಿದೆ. ಕೆಲಸಕ್ಕೆ ಎರಡು ದಿನ. ಬ್ಯಾಟರಿ ಕಳಚಿ, ಏರ್‌ಬ್ಯಾಗ್ ತೆಗೆದು, ಸ್ಟೇರಿಂಗ್ ಇಳಿಸಿ, ಇಡೀ ಡ್ಯಾಶ್‌ಬೋರ್ಡ್ ಹೊರಗಿಟ್ಟಿದ್ದರು. ನಾನು ಇಣುಕಿ ನೋಡಿದಾಗ ಕಾರಿನ ಒಳಗೆ ಬರೀ ವಯರ್ ಮತ್ತು ಕಬ್ಬಿಣ, ಕರುಳು ಹೊರಗೆ ಬಂದ ಹಾಗೆ. ಹಳೆ ಕಾಯಿಲ್ ತೋರಿಸಿ ಅಂತ ಕೇಳಿದೆ. ಒಂದು ಮೂಲೆಯಲ್ಲಿ ಎಣ್ಣೆ ಜಿಡ್ಡಿನ ಕಪ್ಪು ಕಲೆ ಇತ್ತು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸೋರುವುದರಿಂದ ಹಾಗಾಗುತ್ತದೆ. ವಾರಂಟಿಯಲ್ಲಿ ಬದಲಾಯಿಸಿದ ಹಳೆ ಪಾರ್ಟ್ ಕಂಪನಿಗೇ ಹೋಗುತ್ತದಂತೆ, ಕೈಗೆ ಕೊಡಲಿಲ್ಲ. ಒಂದು ಫೋಟೋ ಉಳಿದಿದೆ. ಗ್ಯಾಸ್, ಎಣ್ಣೆ, ಓ-ರಿಂಗ್‌ಗೆ ಅಂತ 2,150 ಬಿಲ್ ಮಾಡಿದರು, ಕೊಟ್ಟೆ. ಹಿಂದಿನ ಮೂರು ಗ್ಯಾಸಿನ 5,700 ವಾಪಸ್ ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕರು.

ವಾರಂಟಿಗೆ ಮೂರೂವರೆ ಅಂಕ, ಏಕೆಂದರೆ ಕೊನೆಗೆ ಕೈಹಿಡಿಯಿತು. ಸೆಂಟರ್‌ಗೆ ಎರಡು. ಅದರಲ್ಲಿ ಒಂದು ಆ ಲೋಟ ಹಿಡಿದ ಹುಡುಗನಿಗೆ. ಹೆಂಡತಿಗೆ ಐದು ಅಂತ ಬರೆಯದಿದ್ದರೆ ಇವತ್ತು ರಾತ್ರಿ ಊಟ ಇಲ್ಲ.

ಒಂದು ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಹೊಸ ಕಾಯಿಲ್‌ಗೆ ವಾರಂಟಿ ಎಷ್ಟು? ಹಳೆ ವಾರಂಟಿಯಲ್ಲಿ ಉಳಿದ ಅವಧಿಯಷ್ಟೇ ಅನ್ನುತ್ತದೆ ಪುಸ್ತಕ. ಉಳಿದದ್ದು ಸೊನ್ನೆ ದಿನ. ಬರವಣಿಗೆಯಲ್ಲಿ ಕೊಡಿ ಅಂತ ಮೇಲ್ ಹಾಕಿದ್ದೇನೆ, ಎರಡು ತಿಂಗಳಾಯಿತು. ಎಸಿ ಮಾತ್ರ ಈಗ ಐಸ್. ಡ್ಯಾಶ್‌ಬೋರ್ಡ್ ಉದ್ಯಾವರ ಸೇತುವೆಯ ಜಾಯಿಂಟ್ ಮೇಲೆ ಹೋಗುವಾಗ ಟಿಕ್ ಟಿಕ್ ಅನ್ನುತ್ತದೆ, ಮೊದಲು ಇರಲಿಲ್ಲ. ಒಮ್ಮೆ ಹೋಗಿ ಕ್ಲಿಪ್ ಹಾಕಿಸಿ ಬಂದೆ, ಒಂದು ವಾರ ಸುಮ್ಮನಿತ್ತು. ಮುಂದಿನ ಶನಿವಾರ ಮತ್ತೆ ಹೋಗಬೇಕು. ಈ ಸಲ ಜಾಬ್ ಕಾರ್ಡ್ ನಾನೇ ಬರೆಸುತ್ತೇನೆ.