ಒಳಗಿನ ಕಾರ್ಡೋ, ಹೊರಗಿನ ಡಬ್ಬಿಯೋ? ಎರಡು ಮೋಡೆಮ್‌ಗಳ ಜೊತೆ ಹೆಣಗಾಟ

ಮೊದಲೇ ಹೇಳಿಬಿಡುತ್ತೇನೆ, ನಾನು ಡಬ್ಬಿಯ ಪಕ್ಷ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ, ಮುಖದ ಮೇಲೆ ಸಾಲುದೀಪಗಳಿರುವ ಹಳೇ ಧಾಟಿಯ ಮೋಡೆಮ್, ಅಂದರೆ ಫೋನ್ ಲೈನಿನ ಮೂಲಕ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸುವ ಸಾಧನ. ಆದರೆ ಮೊದಲು ಮನೆಗೆ ತಂದದ್ದು ಅದನ್ನಲ್ಲ. ಅರ್ಧ ಬೆಲೆಗೆ ಸಿಗುತ್ತದಲ್ಲ ಎಂದು ಕಂಪ್ಯೂಟರಿನೊಳಗೇ ಕೂರುವ ಪಿಸಿಐ ಕಾರ್ಡನ್ನು ತಂದೆ. ಎರಡೂ 56ಕೆ (ಸೆಕೆಂಡಿಗೆ 56 ಕಿಲೋಬಿಟ್), ಎರಡೂ ವಿ.90 ಎಂಬ ಮಾನದಂಡದವು. ಪ್ಯಾಕಿನ ಮೇಲಿನ ಬರಹ ಓದಿದರೆ ಅವಳಿಜವಳಿ. (ಆ 56 ಎರಡರಲ್ಲೂ ನನಗೆ ದಕ್ಕಲಿಲ್ಲ ಬಿಡಿ. ಮೇಲಕ್ಕೆ ಕಳಿಸುವ ವೇಗವಂತೂ ವಿ.90ರಲ್ಲಿ 33.6 ದಾಟುವುದೇ ಇಲ್ಲ.)

ನನಗೆ ಬೇಕಿದ್ದುದು ಇಷ್ಟೇ: ರಾತ್ರಿ ನಾನು ಮಲಗಿದ ಮೇಲೆ ಕಂಪ್ಯೂಟರ್ ತಾನೇ ನಂಬರ್ ಒತ್ತಬೇಕು, ಎಂಗೇಜ್ ಬಂದರೆ ತುಸು ಕಾದು ಮತ್ತೆ ಒತ್ತಬೇಕು, ಮೇಲ್ ಇಳಿಸಿಕೊಂಡು ಫೋನ್ ಇಟ್ಟುಬಿಡಬೇಕು.

ಕಾರ್ಡ್ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ನನ್ನ ಫೋನ್ ನೇರ ಲೈನಲ್ಲ, ಒಂದು ಪುಟ್ಟ ಇಂಟರ್‌ಕಾಮ್ ಎಕ್ಸ್‌ಚೇಂಜಿನ ಹಿಂದಿದೆ. ರಿಸೀವರ್ ಎತ್ತಿದರೆ ಗಂಟಲು ಕಟ್ಟಿದಂಥ ಒಂದು ಗುಂಯ್ ಸದ್ದು. 0 ಒತ್ತಿದ ಮೇಲೆಯೇ ನಿಜವಾದ ಡಯಲ್ ಟೋನ್. ಆ ಗುಂಯ್ ಕಾರ್ಡಿಗೆ ಟೋನ್ ಅನ್ನಿಸಲೇ ಇಲ್ಲ. ಪ್ರತಿ ಸಲವೂ ‘ನೋ ಡಯಲ್‌ಟೋನ್’.

ಇದಕ್ಕೆ ಮದ್ದು ಗೊತ್ತಿದ್ದದ್ದೇ: ಎಟಿಎಕ್ಸ್3. ಟೋನ್‌ಗೆ ಕಾಯಬೇಡ, ಕಣ್ಣುಮುಚ್ಚಿ ಡಯಲ್ ಮಾಡು ಎಂಬ ಆಜ್ಞೆ. ಕಾರ್ಡ್ ವಿನಯದಿಂದ ‘ಓಕೆ’ ಅಂದಿತು, ಆಮೇಲೆ ಮತ್ತದೇ ‘ನೋ ಡಯಲ್‌ಟೋನ್’. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಅದರ ಡ್ರೈವರ್‌ನಲ್ಲಿ ದೇಶದ ಆಯ್ಕೆಯೊಂದಿದೆ. ಕೆಲವು ದೇಶಗಳ ಹೆಸರಿನಡಿ ಕುರುಡು ಡಯಲಿಂಗಿಗೆ ಅನುಮತಿಯೇ ಇಲ್ಲ.

ಸರಿ, ಬೇರೊಂದು ದೇಶದ ಹೆಸರು ಕೊಟ್ಟೆ. ಡಯಲ್ ಆಯಿತು! ಆ ಖುಷಿ ಉಳಿದದ್ದು ಬೆಳಗಿನವರೆಗೆ. ದೇಶ ಬದಲಾದಾಗ ಎಂಗೇಜ್ ಸದ್ದಿನ ಲೆಕ್ಕವೂ ಬದಲಾಗಿತ್ತು. ಲೈನ್ ಬ್ಯುಸಿ ಇದ್ದರೂ ಕಾರ್ಡಿಗೆ ತಿಳಿಯದು. ಎಷ್ಟು ಹೊತ್ತು ಕಾಯಬೇಕೆಂದು ಬರೆದಿಡುವ ಎಸ್7 ರಿಜಿಸ್ಟರಿನಲ್ಲಿದ್ದ 50 ಸೆಕೆಂಡೂ ಟೊಂಯ್ ಟೊಂಯ್ ಕೇಳಿಸಿಕೊಂಡು ಕೊನೆಗೆ ‘ನೋ ಕ್ಯಾರಿಯರ್’, ಅಂದರೆ ಆ ಕಡೆ ಮೋಡೆಮ್ ಸಿಗಲಿಲ್ಲ, ಎನ್ನುತ್ತಿತ್ತು. ‘ಬ್ಯುಸಿ’ ಅಂದರೆ ಮತ್ತೆ ಪ್ರಯತ್ನಿಸು, ಬೇರೇನಂದರೂ ನಿಲ್ಲಿಸು ಎಂದು ನಾನೇ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅದು ನಿಷ್ಠೆಯಿಂದ ನಿಂತುಬಿಟ್ಟಿತ್ತು. ಒಂದೇ ಕರೆ, ಶೂನ್ಯ ಮೇಲ್.

ಡಬ್ಬಿ ಬಂದ ದಿನ ಎಟಿಎಕ್ಸ್3 ಕೊಟ್ಟು, ನಂಬರಿನ ಮುಂದೆ 0 ಮತ್ತು ಎರಡು ಅಲ್ಪವಿರಾಮ ಹಾಕಿದೆ. ಒಂದೊಂದು ಅಲ್ಪವಿರಾಮಕ್ಕೆ 2 ಸೆಕೆಂಡು ವಿರಾಮ, ಹೊರಗಿನ ಲೈನ್ ಸಿಗಲು ಅಷ್ಟು ಸಾಕು. &ಡಬ್ಲ್ಯೂ ಕೊಟ್ಟು ಸೆಟ್ಟಿಂಗ್ ಉಳಿಸಿದೆ. ಮುಗಿಯಿತು. ಎಂಗೇಜ್ ಬಂದರೆ ‘ಬ್ಯುಸಿ’ ಅಂತಲೇ ಹೇಳುತ್ತದೆ. 1981ರಲ್ಲಿ ಹೇಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ರೂಢಿಗೆ ತಂದ ಆಜ್ಞೆಗಳ ಧಾಟಿಯೇ ಇದು. ಇಬ್ಬರೂ ಅದೇ ಭಾಷೆ ಆಡುತ್ತಾರೆ, ಒಬ್ಬ ಮಾತ್ರ ಹೇಳಿದ್ದನ್ನು ಕೇಳುತ್ತಾನೆ.

ದೀಪಗಳು ಬರೀ ಅಲಂಕಾರ ಅಂದುಕೊಂಡಿದ್ದೆ. ಓಎಚ್ ಹೊತ್ತಿದ್ದರೆ ಲೈನ್ ಎತ್ತಿದೆ, ಸಿಡಿ ಹೊತ್ತಿದರೆ ಆ ಕಡೆಯ ಮೋಡೆಮ್ ಸಿಕ್ಕಿದೆ. ಒಮ್ಮೆ ಡಬ್ಬಿಯೂ ಕಂಗಾಲಾಗಿ ಓಎಚ್ ಹಿಡಿದುಕೊಂಡೇ ಕೂತಿತ್ತು. ಸ್ವಿಚ್ ಆರಿಸಿ ಹಾಕಿದೆ. ಕಾರ್ಡ್ ಹಾಗೆ ಕೂತಾಗ ಇಡೀ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕಾಗಿತ್ತು. ಅಷ್ಟು ಹೊತ್ತು ನಮಗೆ ಫೋನ್ ಮಾಡಿದವರಿಗೆಲ್ಲ ಎಂಗೇಜ್.

ಇನ್ನು ಕಾರ್ಡಿನ ಸಿಗ್ನಲ್ ಲೆಕ್ಕವೆಲ್ಲ ಕಂಪ್ಯೂಟರಿನ ಪ್ರೊಸೆಸರ್ ತಲೆಯ ಮೇಲೆ. ಭಾರದ ಕೆಲಸ ಶುರುಮಾಡಿದರೆ ಸಂಪರ್ಕ ಕಡಿಯುತ್ತಿತ್ತು. ಲಿನಕ್ಸ್‌ಗೆ ಅದರ ಡ್ರೈವರ್ ನನಗೆ ಸಿಗಲಿಲ್ಲ.

ಸಂಪರ್ಕ ಹಿಡಿಯುವಾಗಿನ ಕಿರುಚಾಟದಲ್ಲಿ ಎರಡೂ ಸಮ. ಸ್ಪೀಕರ್ ಆರಿಸುವ ಎಟಿಎಂ0 ಆಜ್ಞೆ ಕೊಟ್ಟರೆ ಎರಡೂ ಗಪ್‌ಚುಪ್.

ಕಾರ್ಡಿನ ಪರವಾಗಿಯೂ ಹೇಳಬೇಕಾದ್ದಿದೆ. ಮೇಜಿನ ಮೇಲೆ ಜಾಗ ಬೇಡ, ಇಟ್ಟಿಗೆಯಂಥ ಅಡಾಪ್ಟರ್ ಬೇಡ. ಹಳೇ ಕಂಪ್ಯೂಟರಿನ ಸೀರಿಯಲ್ ಪೋರ್ಟಿನಲ್ಲಿ, ಬಂದ ಅಕ್ಷರಗಳನ್ನು ತುಸು ಹೊತ್ತು ಹಿಡಿದಿಡುವ 16550 ಚಿಪ್ ಇಲ್ಲದಿದ್ದರೆ ಡಬ್ಬಿಗೆ ಅಕ್ಷರಗಳು ಉದುರಿಹೋಗುತ್ತವೆ, ಕಾರ್ಡಿಗೆ ಆ ತಾಪತ್ರಯವಿಲ್ಲ. ನೇರ ಲೈನಿದ್ದು, ಎದುರಿಗೇ ಕೂತು ದಿನಕ್ಕೊಮ್ಮೆ ಕ್ಲಿಕ್ ಮಾಡುವವರು ನೀವಾದರೆ ದುಪ್ಪಟ್ಟು ದುಡ್ಡು ಯಾಕೆ ಸುರಿಯುತ್ತೀರಿ? ನಾನು ನಿದ್ದೆ ಮಾಡುವಾಗ ಕೆಲಸ ಆಗಬೇಕೆನ್ನುವವನು, ಅದಕ್ಕೇ ಸುರಿದೆ.

ಕಾರ್ಡ್ ಈಗ ಡ್ರಾಯರಿನಲ್ಲಿದೆ. ಅದರ ಜೊತೆ ಬಂದ ಫೋನ್ ವೈರ್ ಮಾತ್ರ ಡಬ್ಬಿಯದಕ್ಕಿಂತ ಉದ್ದ, ಅದನ್ನೇ ಬಳಸುತ್ತಿದ್ದೇನೆ.