ತುಮಕೂರಿನಲ್ಲಿ ಬೆಕ್ಕು ಸಾಕುವವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ತುಮಕೂರಿನಲ್ಲಿ ಸಾಕುಪ್ರಾಣಿಗಳ ಸೇವೆ ಎಂದರೆ ಬಹುಮಟ್ಟಿಗೆ ನಾಯಿಗಳ ಸೇವೆಯೇ. ಬಿ.ಎಚ್. ರಸ್ತೆ ಹಾಗೂ ಎಸ್.ಎಸ್. ಪುರಂ ಕಡೆಯ ಅಂಗಡಿಗಳಲ್ಲಿ ನಾಯಿಯ ಬೆಲ್ಟು, ಶಾಂಪೂ, ಬಿಸ್ಕತ್ತುಗಳು ಗೋಡೆ ತುಂಬ ತೂಗುತ್ತಿರುತ್ತವೆ. ಬೆಕ್ಕಿಗೆ ಸಂಬಂಧಿಸಿದ್ದನ್ನು ಕೇಳಿದರೆ ಅಂಗಡಿಯವರು ಕೆಳಗಿನ ಸಾಲಿಗೆ ಬಗ್ಗಬೇಕಾಗುತ್ತದೆ. ಆದ್ದರಿಂದಲೇ, ಬಟವಾಡಿ ಕಡೆ ಮನೆಯೊಂದರ ನೆಲ ಅಂತಸ್ತಿನಲ್ಲಿ ದಂಪತಿ ನಡೆಸುತ್ತಿರುವ, ಬೆಕ್ಕುಗಳಿಗೆಂದೇ ಮೀಸಲಾದ ಸಣ್ಣ ಆರೈಕೆ ಕೇಂದ್ರದ ಬಗ್ಗೆ ಬರೆಯಬೇಕೆನಿಸಿತು. ಹಬ್ಬಕ್ಕೆ ಊರಿಗೆ ಹೋಗುವಾಗ ನಮ್ಮ ಬೆಕ್ಕುಗಳನ್ನು ಅಲ್ಲಿಯೇ ಬಿಡುತ್ತೇವೆ. ಬೀದಿಯಲ್ಲಿ ಸಿಕ್ಕ ಮರಿಗಳ ವಿಷಯದಲ್ಲೂ ಅವರ ನೆರವು ಪಡೆದಿದ್ದೇವೆ.

ಈ ಕೇಂದ್ರದ ದೊಡ್ಡ ಗುಣವೆಂದರೆ ಅದರ ಬಿಗಿ. ಲಸಿಕೆಯ ಕಾರ್ಡು ತೋರಿಸದೆ ಯಾವ ಬೆಕ್ಕನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ರೋಗ ಮರಿಗಳನ್ನು ಕೆಲವೇ ದಿನಗಳಲ್ಲಿ ಬಲಿ ತೆಗೆದುಕೊಳ್ಳುತ್ತದೆ, ಅದರ ವೈರಾಣು ನೆಲ, ಬಟ್ಟೆ, ಬುಟ್ಟಿಗಳಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು ಎಂಬುದನ್ನು ತಿಳಿದವರಿಗೆ ಈ ನಿಯಮ ಅತಿಯೆನಿಸದು. ಹೊಸದಾಗಿ ಬಂದ ಬೆಕ್ಕುಗಳಿಗೆ ಪ್ರತ್ಯೇಕ ಕೋಣೆಯಿದೆ, ಆ ಕೋಣೆಯ ಪಾತ್ರೆಗಳು ಬೇರೆಡೆಗೆ ಹೋಗುವುದಿಲ್ಲ. ನೆಲ ಒರೆಸಲು ಫಿನಾಯಿಲ್ ಬಳಸುವುದಿಲ್ಲ ಎಂಬುದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಪಾಯ ತರುವುದಕ್ಕೂ ಇದೇ ಮುಖ್ಯ ಕಾರಣ. ಇಲ್ಲಿ ನೀರು ಬೆರೆಸಿದ ಬ್ಲೀಚ್ ಬಳಸಿ, ಅದು ಒಣಗಿದ ಮೇಲಷ್ಟೇ ಬೆಕ್ಕುಗಳನ್ನು ಬಿಡುತ್ತಾರೆ.

ಬೀದಿ ಮರಿಗಳ ರಕ್ಷಣೆಯ ಕೆಲಸವನ್ನು ಈ ದಂಪತಿ ಕಾಲೇಜು ವಿದ್ಯಾರ್ಥಿಗಳ ನೆರವಿನಿಂದ ಮಾಡುತ್ತಾರೆ. ಕರೆ ಮಾಡಿದವರಿಗೆ ಅವರು ಮೊದಲು ಹೇಳುವುದು, ಮರಿಗಳನ್ನು ಮುಟ್ಟಬೇಡಿ, ದೂರದಿಂದ ನೋಡಿ ಎಂದು. ಮಂಡಿಪೇಟೆಯ ಗೋದಾಮುಗಳಲ್ಲಿ ಚೀಲಗಳ ನಡುವೆ ಈಯುವ ತಾಯಿಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಜಾಗ ಬದಲಿಸುವುದು ಸಹಜ. ಆ ನಡುವೆ ಕರುಣೆಯಿಂದ ಮರಿಯನ್ನು ಎತ್ತಿಕೊಂಡು ಹೋದವರು ನಿಜವಾಗಿ ಅದನ್ನು ತಾಯಿಯಿಂದ ಅಗಲಿಸಿರುತ್ತಾರೆ. ತಾಯಿ ಬಾರದಿರುವುದು ಖಚಿತವಾದರೆ ಮಾತ್ರ ಮುಂದಿನ ಮಾತು. ಮರಿ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು, ಅನಂತರವೇ ಹಾಲು. ಅದೂ ಹಸುವಿನ ಹಾಲಲ್ಲ, ಬೆಕ್ಕಿನ ಮರಿಗಳಿಗೆಂದೇ ಸಿಗುವ ಪುಡಿಹಾಲು. ಅಂಗಾತ ಮಲಗಿಸದೆ, ಹೊಟ್ಟೆ ಕೆಳಗಾಗಿಸಿ ಕುಡಿಸಬೇಕು. ಇಷ್ಟನ್ನೂ ಫೋನಿನಲ್ಲಿ ತಾಳ್ಮೆಯಿಂದ ವಿವರಿಸುತ್ತಾರೆ. ಮಳೆಗಾಲದಲ್ಲಿ ಮರಿಗಳು ಕಾರಿನ ಇಂಜಿನ್ ಬಳಿ ಸೇರಿಕೊಳ್ಳುವ ಪ್ರಕರಣಗಳೇ ಹೆಚ್ಚಂತೆ. ಹೊರಡುವ ಮುನ್ನ ಬಾನೆಟ್ ಮೇಲೆ ಕೈ ತಟ್ಟುವ ಅಭ್ಯಾಸ ನಮ್ಮ ಬೀದಿಯ ಕೆಲವರಿಗಾದರೂ ಇವರಿಂದಲೇ ಬಂದದ್ದು.

ದತ್ತು ಕೊಡುವಾಗಲೂ ಇದೇ ಬಿಗಿ. ಕಿಟಕಿಗೆ ಜಾಲರಿ ಇದೆಯೇ, ಮನೆಯ ಹಿರಿಯರ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಾಗಿ ಬರೆಸಿಕೊಳ್ಳುತ್ತಾರೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರಗಳಲ್ಲಿ ಈಯುತ್ತದೆ. ಆ ಲೆಕ್ಕ ನೋಡಿದರೆ ಬರೆಸಿಕೊಳ್ಳುವುದೇ ಸರಿ. ನಮ್ಮ ಪರಿಚಯದವರೊಬ್ಬರು, ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಮುನಿಸಿಕೊಂಡು ಬಂದರು. ನನಗೆ ಅದು ದೂರಬೇಕಾದ ಸಂಗತಿಯಾಗಿ ಕಾಣಲಿಲ್ಲ.

ಕೊರತೆಗಳೂ ಇವೆ. ಜಾಗ ಚಿಕ್ಕದು, ದಸರೆಯ ರಜೆಗೆ ತಿಂಗಳ ಮೊದಲೇ ಹೇಳಿಡದಿದ್ದರೆ ಗೂಡು ಸಿಗದು. ನಾವು ಕಳಿಸಿದ ಆಹಾರವನ್ನು ಬದಿಗಿಟ್ಟು ತಮ್ಮಲ್ಲಿರುವ ಕಾಳಿನಂಥ ಒಣ ಆಹಾರವನ್ನೇ ಹಾಕುವ ಅಭ್ಯಾಸ ನನಗೆ ಹಿಡಿಸಲಿಲ್ಲ. ದಿಢೀರನೆ ಆಹಾರ ಬದಲಾದರೆ ಬೆಕ್ಕಿಗೆ ಭೇದಿಯಾಗುತ್ತದೆ. ನಮ್ಮದಕ್ಕೆ ಆದದ್ದೂ ಅದೇ. ಹೇಳಿದ ಮೇಲೆ ಸರಿಪಡಿಸಿಕೊಂಡರು.

ಅದಕ್ಕಿಂತ ದೊಡ್ಡ ಕೊರತೆ ಕೇಂದ್ರದ್ದಲ್ಲ, ಊರಿನದು. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಜೀವಕ್ಕೆ ಸಂಚಕಾರ. ಆದರೆ ರಾತ್ರಿ ಹೊತ್ತಿನಲ್ಲಿ ಇಲ್ಲಿ ಬೆಕ್ಕಿಗೆ ಕ್ಯಾಥೆಟರ್ (ಮೂತ್ರ ಹೊರಬಿಡುವ ಸಣ್ಣ ನಳಿಕೆ) ಹಾಕುವ ವೈದ್ಯರನ್ನು ಹುಡುಕುವುದು ಕಷ್ಟ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನದ ವ್ಯವಸ್ಥೆ ಮುಖ್ಯವಾಗಿ ದನಕರುಗಳಿಗಾಗಿ ರೂಪಿಸಿದ್ದು. ಕೇಂದ್ರದವರು ಇದನ್ನು ಮುಚ್ಚಿಡದೆ, ಬೆಕ್ಕನ್ನು ಬಿಡುವಾಗಲೇ, ಅಂಥ ಸಂದರ್ಭದಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಒಯ್ಯಲು ಒಪ್ಪಿಗೆಯೇ, ಖರ್ಚು ಯಾರದು ಎಂದು ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಗಂಡು ಬೆಕ್ಕು ಸಾಕಿದವರು ಆ ಕಾಗದವನ್ನು ಓದಿಯೇ ಸಹಿ ಮಾಡುವುದು ಒಳ್ಳೆಯದು.