ಸಾಸಿವೆ ಕಾಳಿನಷ್ಟು ಗಾಯ ಎಂದು ಬಿಟ್ಟುಬಿಡಬೇಡಿ

ಮನೆಗೆ ಪ್ರೆಶರ್ ವಾಷರ್ (ಭಾರೀ ಒತ್ತಡದಲ್ಲಿ ನೀರು ಚಿಮ್ಮಿಸಿ ತೊಳೆಯುವ ಯಂತ್ರ) ತರುವ ಯೋಚನೆಯಲ್ಲಿರುವವರು, ಈಗಾಗಲೇ ತಂದಿರುವವರು ದಯವಿಟ್ಟು ಇದನ್ನು ಓದಿ.

ನಮ್ಮದು ಮಲೆನಾಡು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳದ ಸಿಮೆಂಟಿಗೆ ಹಾವಸೆ ಕಟ್ಟಿ ಕಾಲಿಟ್ಟಲ್ಲಿ ಜಾರುತ್ತದೆ. ಅಮ್ಮ ಒಮ್ಮೆ ಬಿದ್ದ ಮೇಲೆ ಯಂತ್ರವನ್ನೇ ತರೋಣವೆಂದು ಹೊರಟೆ. ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವುದಕ್ಕೆ ಬಾರ್, ಅಂದರೆ ನೀರಿನ ಒತ್ತಡ, ಹೆಚ್ಚು? 130 ಬಾರ್‌ನದನ್ನು ಕೊಟ್ಟರು. ನೀರು ಚಿಮ್ಮಿಸುವ ಗನ್ನಿನ ಬಾಯಿಗೆ ಸಿಕ್ಕಿಸುವ ಯಾವ ತುದಿ (ನಾಝಲ್) ಯಾವ ಕೆಲಸಕ್ಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮೊದಲು ತಮ್ಮ ಅಂಗಳ ತೊಳೆಯಲು ನಿಂತ. ಕಾಲಿನಲ್ಲಿ ಹವಾಯಿ ಚಪ್ಪಲಿ. ಗನ್ನಿಗೆ ಸಿಕ್ಕಿಸಿದ್ದು ನೀರು ಒಂದೇ ಗೆರೆಯಾಗಿ ಹೊಮ್ಮುವ ಕೆಂಪು ತುದಿ. ಮೆಟ್ಟಿಲಿಗೆ ಸಿಕ್ಕಿಕೊಂಡ ಪೈಪನ್ನು ಎಳೆಯುವಾಗ ನೀರಿನ ಧಾರೆ ಅವನ ಎಡಪಾದದ ಮೇಲೆ ಹಾದುಹೋಯಿತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ತೂತು, ಒಂದು ಹನಿ ರಕ್ತ. ಮುಲಾಮು ಹಚ್ಚಿಕೊಂಡು ಉಳಿದ ಅಂಗಳವನ್ನೂ ತೊಳೆದು ಮುಗಿಸಿದ.

ರಾತ್ರಿ ಪಾದ ಪಟಪಟನೆ ಮಿಡಿಯತೊಡಗಿತು. ಬೆಳಿಗ್ಗೆ ಹರಡಿನವರೆಗೆ ಬಾತು, ಒತ್ತಿದರೆ ಚರ್ಮದಡಿ ಗಾಳಿಗುಳ್ಳೆ ಒಡೆದಂತೆ ಚರಚರ ಎನ್ನುತ್ತಿತ್ತು. ಹತ್ತಿರದ ಆಸ್ಪತ್ರೆಯಲ್ಲಿ "ಏನೋ ಚುಚ್ಚಿದೆ" ಎಂದಷ್ಟೇ ಹೇಳಿದೆವು. ಅವರು ಮಾತ್ರೆ ಕೊಟ್ಟು ಕಳಿಸಿದರು. ಹೀಗೆ ಇನ್ನರ್ಧ ದಿನ ಕಳೆಯಿತು. ಕೊನೆಗೆ ಶಸ್ತ್ರವೈದ್ಯರು ಪಾದವನ್ನು ಕೊಯ್ದಾಗ ಒಳಗೆ ಮರಳು, ಹಾವಸೆಯ ಕೊಳೆ. ಎರಡು ಸಲ ಕೊಯ್ದು ತೊಳೆಯಬೇಕಾಯಿತು.

ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ನೀರಿನ ಒತ್ತಡ ಸುಮಾರು 1 ಬಾರ್. ಸುಮಾರು 7 ಬಾರ್‌ನ ಸಣ್ಣ ಧಾರೆಯೇ ಚರ್ಮ ತೂರಬಲ್ಲದು. ಹೊರಗೆ ಕಾಣುವುದು ಚುಕ್ಕೆ, ಆದರೆ ನೀರು ಒಳಗೆ ಸ್ನಾಯುಗಳ ನಡುವೆ ದಾರಿ ಮಾಡಿಕೊಂಡು ಕೊಳೆಯನ್ನೂ ಗಾಳಿಯನ್ನೂ ಹರಡಿರುತ್ತದೆ. ನೋವಿಲ್ಲವೆಂದು ಕಾಯದೆ ಆ ಕ್ಷಣವೇ ಹೊರಡಿ. ವೈದ್ಯರಿಗೆ ಮೊದಲ ಮಾತಿನಲ್ಲೇ "ಭಾರೀ ಒತ್ತಡದ ನೀರು ಒಳಹೊಕ್ಕಿದೆ" ಎಂದು ಹೇಳಿ.

ಕೆಂಪು ತುದಿಯನ್ನು ಮನೆಯೊಳಗೆ ಇಡಲೇಬೇಡಿ ಎನ್ನುತ್ತೇನೆ. ಅಂಗಳಕ್ಕೆ ನೀರನ್ನು ಬೀಸಣಿಗೆಯಂತೆ ಹರಡುವ 25 ಅಥವಾ 40 ಡಿಗ್ರಿಯ ತುದಿ ಸಾಕು. ಸಾಮಾನ್ಯವಾಗಿ ಅವು ಹಸಿರು, ಬಿಳಿ. ಮೊಣಕಾಲಿನವರೆಗಿನ ಗಟ್ಟಿ ಬೂಟು, ಕನ್ನಡಕ ಇರಲಿ, ಆದರೆ ಬೂಟನ್ನೇ ನಂಬಿ ಧಾರೆಯನ್ನು ಕಾಲಿನತ್ತ ತಿರುಗಿಸಬೇಡಿ. ಸ್ವಿಚ್ ಆರಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಗನ್ನನ್ನು ನೆಲದತ್ತ ಹಿಡಿದು ಟ್ರಿಗರ್ ಒಮ್ಮೆ ಒತ್ತಿ, ಆ ಒತ್ತಡ ಇಳಿದ ಮೇಲೆಯೇ ತುದಿ ಬದಲಿಸಿ. ಕರೆಂಟಿನ ವಿಷಯದಲ್ಲೂ ಅಷ್ಟೇ: ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಬೇಕು. ಒದ್ದೆ ಅಂಗಳದಲ್ಲಿ ತೆಳು ಎಕ್ಸ್‌ಟೆನ್ಷನ್ ವಯರು ಎಳೆಯಬೇಡಿ.

ತಮ್ಮ ಈಗ ನಡೆಯುತ್ತಾನೆ. ಹೆಬ್ಬೆರಳಿಗೆ ಸ್ಪರ್ಶ ಇನ್ನೂ ಬಂದಿಲ್ಲ.